ಹಿಕ್ಕಿ ಗಂಗವ್ವ

ಮನಿಷಾ ನಿಜ ಹೇಳಿದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಸುಳ್ಳಿ ಎಂಬ ಈ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ, ಸಣ್ಣಂದಿನಿಂದ ಮೈಮುರಿದು ದುಡಿದು ಗಳಿಸಿದ್ದು. ಹೋದ ವರ್ಷ “ಕಬ್ಬಿನಾಗ ಚಿರತಿ ಬಂದೈತಿ, ಮೈಮ್ಯಾಗಿನ ಚುಕ್ಕಿ ನಾನ ನೋಡೇನಿ” ಎಂದು ಕೂಗಿ ಊರ ಗಂಡಸರನ್ನೆಲ್ಲ ಬಡಿಗೆ ಸಮೇತ ಕೆಳಗಿನ ಗದ್ದೆಗೆ ಓಡಿಸಿದ್ದಳು. ಕಬ್ಬು ಸರಿಸಿಕೊಂಡು ಎದ್ದು ಬಂದದ್ದು ಅಣ್ಣಾಸಾಬ. ಉಟ್ಟದ್ದು ಚುಕ್ಕಿ ಚುಕ್ಕಿ ಲುಂಗಿ, ಕೈಯಲ್ಲಿ ತಂಬಿಗೆ. ಅವತ್ತಿನಿಂದ ಮನಿಷಾ ಬಾಯಿ ತೆರೆದರೆ ಸಾಕು, ಎದುರಿಗಿದ್ದವರು “ಬಂತ ನೋಡ್ರಿ ಚಿರತಿ” ಎಂದು ನಕ್ಕು ಮುಗಿಸುತ್ತಿದ್ದರು.

ಅದಕ್ಕಿಂತ ದೊಡ್ಡದು ಫೋನಿನ ಆಟ. ಫೋನು ಹತ್ತದಿದ್ದಾಗ ಒಬ್ಬ ಹೆಣ್ಣುಮಗಳು ಮಾತಾಡುತ್ತಾಳಲ್ಲ, ಅವಳ ದನಿಯನ್ನು ಮನಿಷಾ ಅಚ್ಚು ಹೊಡೆದಂತೆ ತೆಗೆಯುತ್ತಿದ್ದಳು. ಐನಾಪುರದ ಮುರಗೆಪ್ಪ ಸಾವಕಾರ ಅವಳ ಅಪ್ಪ ಹಾಲಸಿದ್ದನಿಗೆ ಫೋನು ಮಾಡಿದಾಗಲೆಲ್ಲ ಇವಳೇ ಎತ್ತಿ, “ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ” ಎನ್ನುತ್ತಿದ್ದಳು. ಕೊನೆಗೆ ಮುರಗೆಪ್ಪ ಖುದ್ದಾಗಿ ಮನೆಗೆ ಬಂದು, “ಹಾಲಸಿದ್ದ, ಸಿಮ್ ಬದಲಿ ಮಾಡೋ ಮಾರಾಯಾ. ಆ ಹೆಣ್ಣಮಗಳಿಗೆ ನಿನ್ನ ಮ್ಯಾಲ ಏನೋ ಸಿಟ್ಟೈತಿ” ಎಂದಿದ್ದ. ಆ ಹೆಣ್ಣುಮಗಳು ಆಗ ಅವನ ಎದುರಿಗೇ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಅಥಣಿಯ ಟಾಕೀಸು, ಮೊಬೈಲು, ಕನ್ನಡ, ಮರಾಠಿ, ಹಿಂದಿ ಎನ್ನದೆ ಕಂಡ ಪಿಕ್ಚರನ್ನೆಲ್ಲ ನುಂಗಿ ಬೆಳೆದ ಮನಿಷಾ, ಉಪ್ಪು ಕೇಳುವುದಿದ್ದರೂ ಇಂಟರ್ವಲ್ಲಿಗೆ ಮುಂಚಿನ ಸೀನಿನಂತೆ ಕೇಳುತ್ತಿದ್ದಳು. ಕುರಿಗಳಿಗೂ ಪಾತ್ರ ಹಂಚಿದ್ದಳು. ಟಗರು ವಿಲನ್. ಕಿವಿಯ ಮೇಲೆ ಬಿಳಿ ಮಚ್ಚೆಯಿದ್ದ ಕುರಿ ಹೀರೋಯಿನ್. ಹೋಗುವ ದಾರಿಯಲ್ಲಿ ಅರ್ಧಕ್ಕೇ ಕೂತುಬಿಡುವ ಅದರ ಮರಿ ಇಂಟರ್ವಲ್.

ಈ ಬಳಗವನ್ನೆಲ್ಲ ಬೇಸಿಗೆ ದಾಟಿಸುತ್ತಿದ್ದದ್ದು ಒಂದೇ ಒಂದು ಜಾಗ. ಮರಡಿ ಗುಡ್ಡದ ಇಳುಕಲಿನಲ್ಲಿದ್ದ ಮುರಗೆಪ್ಪನ ಮೇಲಿನ ಹೊಲ. ಕೃಷ್ಣೆಯ ದಂಡೆಯಲ್ಲಿ ಅವನಿಗೆ ಕಬ್ಬಿತ್ತು, ದ್ರಾಕ್ಷಿಯಿತ್ತು, ಈ ಮೇಲಿನ ಹೊಲದ ನೆನಪು ಮಾತ್ರ ಇರಲಿಲ್ಲ. ತಲೆಮಾರುಗಳಿಂದ ಬೀಳು ಬಿದ್ದದ್ದು. ಮೇಲೆ ನಿಂತು ನೋಡಿದರೆ ಹೊಲವೆಲ್ಲ ಗರಸು, ಹುರಿದ ರಾಗಿಯಂತೆ ಕಾಲಿಗೆ ಕರಕರ ಎನ್ನುವ ಕಲ್ಲುಪುಡಿ, ಅಲ್ಲೊಂದು ಇಲ್ಲೊಂದು ಜಾಲಿಮುಳ್ಳು. ನಟ್ಟ ನಡುವೆ ಮಾತ್ರ, ಯಾರೋ ಉಂಡೆದ್ದು ಮರೆತು ಹೋದ ತಾಟಿನ ಹಾಗೆ, ಗುಂಡಗೆ ಹಸಿರು ಕರಕಿ ಹುಲ್ಲು. ಒಂದು ಅಡ್ಡಮಳೆ ಉದುರಿದರೆ ಸಾಕು, ಯುಗಾದಿ ದಾಟಿದರೂ ಅದು ಒಣಗುತ್ತಿರಲಿಲ್ಲ. ಈದ ಕುರಿಗಳಿಗೆ ಹಾಲು ಇಳಿಯುತ್ತಿದ್ದದ್ದೇ ಆ ಕರಕಿಯಿಂದ.

ಯುಗಾದಿಯ ಮುಂಚೆ ಒಂದು ಬೆಳಿಗ್ಗೆ ಮುರಗೆಪ್ಪನ ಮಗ ಶಿವರಾಜ ಬೈಕಿನಲ್ಲಿ ಅಲ್ಲಿಗೆ ಬಂದ. ಅಥಣಿ ಕಾಲೇಜಿನಲ್ಲಿ ಮನಿಷಾಳ ಜೊತೆಗೇ ಓದಿದವನು.

“ಏನ್ಲೇ ಶಿವ್ಯಾ, ಸೌಂಡ್ ಕೇಳಿದ್ರ ಹೀರೋ ಎಂಟ್ರಿ, ಮಾರಿ ನೋಡಿದ್ರ ಸೈಡ್ ಆ್ಯಕ್ಟರ್,” ಎಂದಳು ಮನಿಷಾ.

“ಇವತ್ತ ನಂದೂ ಬಿಲ್ಡಪ್ ಐತಿ ಕೇಳ. ಈ ಹೊಲದಾಗ ಬೋರ್ ಹೊಡಸಾಕತ್ತೇವಿ. ನೀರ ಬಿತ್ತಂದ್ರ ಇಡೀ ಇಳುಕಲಿಗೆ ದ್ರಾಕ್ಷಿ.”

“ಈ ಗರಸಿನಾಗ? ಎಲ್ಲಿ ಹೊಡಸ್ತೀರಿ?”

“ಎಲ್ಲೇನ, ನಿನ್ನ ಕುರಿ ಬಾಯಿ ಹಾಕ್ಯಾವಲ್ಲ, ಅಲ್ಲೇ. ಸುತ್ತೆಲ್ಲ ಸುಟ್ಟ ಹೋಗೇತಿ, ಇದೊಂದ ಹಸರ ಐತಿ. ಅಂದ್ರ ತೆಳಗ ಏನಿರಬೇಕ? ಗಂಗಾ! ಇಷ್ಟ ದಿವಸ ನಮ್ಮ ತಲ್ಯಾಗ ಹೆಂಗ ಹೊಳೀಲಿಲ್ಲೋ.”

ಮನಿಷಾ ನಕ್ಕಳು. ಆಮೇಲೆ ಅವನು ನಗುತ್ತಿಲ್ಲ ಎಂದು ತಿಳಿದು ತಾನೂ ನಿಲ್ಲಿಸಿದಳು.

“ಲೇ, ತೆಳಗ ನೀರಿಲ್ಲೋ. ಹಿಕ್ಕಿ ಐತಿ. ಕುರಿ ಹಿಕ್ಕಿ! ನಮ್ಮವ್ರು ಇಲ್ಲಿ ಕುರಿ ಹಟ್ಟಿ ಹಾಕತಿದ್ರಂತ. ಆ ಗೊಬ್ಬರಕ್ಕ ಹಸರ ಐತಿ.”

“ಯಾವಾಗ ಹಾಕತಿದ್ರು?”

“ನಮ್ಮ ಮುತ್ತ್ಯಾನ ಕಾಲದಾಗ. ಅದಕ್ಕಿಂತ ಮುಂಚೆ.”

“ಆಗಿನ ಹಿಕ್ಕಿಗೆ ಈಗಿನ ಹುಲ್ಲ?” ಶಿವರಾಜ ಬೈಕಿಗೆ ಕಿಕ್ ಹೊಡೆದ. “ಬಂತ ನೋಡ ಚಿರತಿ.”

ಮನೆಯಲ್ಲಿ ಇದನ್ನು ಹೇಳಿದಾಗ ಹಾಲಸಿದ್ದ ಉಣ್ಣುತ್ತಿದ್ದವನು ಕೈ ತೊಳೆದ. ಮೊಣಕಾಲು ನೋವಿನಿಂದ ಅವನು ಕುರಿಯ ಹಿಂದೆ ಹೋಗುವುದನ್ನು ಬಿಟ್ಟು ವರ್ಷವಾಗಿತ್ತು. ಮಾರಿಬಿಡೋಣ ಎಂಬ ಮಾತು ಬಾಯಿಗೆ ಬಂದದ್ದು ಇದೇ ಮೊದಲಲ್ಲ.

“ಕರಕಿ ಹೋತಂದ್ರ ಕುರಿ ಹೋದಂಗ,” ಎಂದ. “ಈದ ಕುರಿ ಏನ ತಿಂತಾವ, ಗರಸ? ಬೋರ್ ಗಾಡಿ ಬರೂದ ಖರೆ ಆದ್ರ ಅಥಣಿ ಸಂತಿಗೆ ಹೊಡಕೊಂಡ ಹೋಗೂದ.”

“ಅಪ್ಪಾ, ಹೀರೋಯಿನ್‌ನ?”

“ಹೀರೋಯಿನ್, ವಿಲನ್, ಎಲ್ಲಾರ್ನೂ. ನಿನ್ನ ಟಾಕೀಸ ಬಂದ್.”

ಡಿಗ್ರಿ ಪರೀಕ್ಷೆ ಬರೆದು ಬಂದ ಮೇಲೆ ಅಂಗಡಿ, ಬ್ಯಾಂಕು, ಫ್ಯಾಕ್ಟರಿ ಎಂದು ಊರೆಲ್ಲ ಬುದ್ಧಿ ಹೇಳಿದರೂ ಮನಿಷಾ ಕುರಿಗಳ ಹಿಂದೆಯೇ ಹೋದವಳು. ತನ್ನ ಡೈಲಾಗು ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕದೆ, ಚಪ್ಪಾಳೆಯನ್ನೂ ತಟ್ಟದೆ ಸುಮ್ಮನೆ ಮೆಲುಕು ಹಾಕುವ ಪ್ರೇಕ್ಷಕರು ಅವಳಿಗೆ ಬೇರೆಲ್ಲಿ ಸಿಗಬೇಕು? ಬೋರ್ ಗಾಡಿ ಬರದಂತೆ ಮಾಡಬೇಕು. ಅದಕ್ಕೆ ನಿಜ ಹೇಳಿದರಾಯಿತು. ಅಷ್ಟು ಸುಲಭ ಎಂದುಕೊಂಡಳು.

ಎರಡು ದಿನಕ್ಕೆ ಮುರಗೆಪ್ಪನೇ ಹೊಲಕ್ಕೆ ಬಂದ. ಜೊತೆಗೆ ಅಣ್ಣಾಸಾಬ, ಅದೇ ಚುಕ್ಕಿ ಲುಂಗಿಯವನು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತ, ಕಾಯಿ ಎದ್ದು ನಿಂತಲ್ಲಿ ನೀರಿದೆ ಎಂದು ಹೇಳುವುದು ಅವನ ಕಸುಬು. ಮನಿಷಾ ಅಜ್ಜಿ ಹೊಳೆವ್ವನನ್ನು ಕರೆತಂದು ಸಾಕ್ಷಿಗೆ ನಿಲ್ಲಿಸಿದ್ದಳು.

“ಹೇಳ ಆಯಿ, ಕೋರ್ಟಿನ್ಯಾಗ ಹೇಳಿದಂಗ ಹೇಳ.”

ಹೊಳೆವ್ವ ಸೆರಗು ತಲೆಗೆ ಎಳೆದುಕೊಂಡಳು. “ಇದ ನಮ್ಮ ಹಟ್ಟಿ ಆಗಿತ್ತ ನೋಡ್ರಿ ಸಾವಕಾರ. ಮಳಿಗಾಲದಾಗ ಎರಿ ಹೊಲ ರಾಡಿ ಆತಂದ್ರ ಕುರಿ ಕಾಲ ಕೊಳೀತಾವ. ಅದಕ್ಕ ಮಳಿ ಹತ್ತಿತಂದ್ರ ಈ ಗರಸಿನ ಮ್ಯಾಲ ಬಂದ ಕುರಿ ತರಬತಿದ್ರು. ನಮ್ಮ ಮಾವನ ಕಾಲದಿಂದ. ನಾ ಹೊಸಾ ಮದ್ವಿ ಆಗಿ ಬಂದಾಗ ಇಲ್ಲೇ ಕಂಬಳಿ ಹಾಸಿ ಮಲಗತಿದ್ವಿ. ಹಿಕ್ಕಿ ಮ್ಯಾಲ ಹಿಕ್ಕಿ, ಹಾಸಗಿ ಮೆತ್ತಗ ಇತ್ತಪ್ಪ.”

ಕುರಿ ತರಬುವುದೆಂದರೆ ಮತ್ತೇನಲ್ಲ, ಹಿಂಡನ್ನೆಲ್ಲ ಒಂದೇ ಕಡೆ ಒತ್ತಿ ನಿಲ್ಲಿಸಿ ರಾತ್ರಿ ಕಳೆಯುವುದು. ಹಗಲೆಲ್ಲ ಮರಡಿ ಸುತ್ತಿ ತಿಂದದ್ದನ್ನು ಕುರಿಗಳು ರಾತ್ರಿ ಅಲ್ಲೇ ಬಿಟ್ಟೇಳುತ್ತವೆ. ಇಡೀ ಗುಡ್ಡದ ಸತ್ವ ವರ್ಷ ವರ್ಷವೂ ಒಂದೇ ತಾಟಿಗೆ ಬಡಿಸಿದ ಹಾಗೆ.

“ಹಂಗಾದ್ರ ಉಳದ ಹೊಲಾ ಯಾಕ ಹಿಂಗ ಆತು?” ಎಂದು ಮುರಗೆಪ್ಪ ಕೇಳಿದ. “ಅಲ್ಲಿ ಹುಲ್ಲರೆ ಇರಬೇಕಿತ್ತಲ್ಲ?”

ಹೊಳೆವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಮನಿಷಾ ಮುಂದೆ ಬಂದಳು.

“ಅದನ್ನ ನಿಮ್ಮ ಮುತ್ತ್ಯಾನ್ನ ಕೇಳಬೇಕ್ರಿ ಕಾಕಾರ. ಅವ್ರು ಶೇಂಗಾ ಹಾಕೂಣು ಅಂತ ಇಳುಕಲಾ ಹಿಡದ ಮ್ಯಾಲಿಂದ ತೆಳಗ ನೇಗಿಲಾ ಹೊಡಿಸಿದ್ರಂತ. ಮಳಿ ಬಂತು, ಮಣ್ಣ ಹಳ್ಳಕ್ಕ ಹೋತು, ಗರಸ ನಿಮಗ ಉಳಿತು. ಹಟ್ಟಿಗೆ ಕಲ್ಲಿನ ಬೇಲಿ ಇತ್ತ ನೋಡ್ರಿ, ನೇಗಿಲಾ ಒಳಗ ಹೋಗ್ಲಿಲ್ಲ. ಅದೊಂದ ಬಚಾವ್.”

ಮುರಗೆಪ್ಪನ ಮುಖ ಕೆಂಪಗಾಯಿತು. ಅವನ ಮನೆಯ ಪಡಸಾಲೆಯಲ್ಲಿ ಆ ಮುತ್ತ್ಯಾನ ಫೋಟೋಗೆ ದಿನಾ ಹೂವು ಏರುತ್ತಿತ್ತು. “ನಮ್ಮ ಮುತ್ತ್ಯಾ ಊರಿಗೆ ಒಕ್ಕಲುತನ ಕಲಿಸಿದಾಂವ. ಅಂವ ಹೊಲಾ ಹಾಳ ಮಾಡ್ಯಾನಂತ ನೀ ಹೇಳತಿ?”

“ನಾ ಹೇಳೂದಲ್ರಿ, ಹೊಲಾನ ಹೇಳಾಕತ್ತೈತಿ.”

“ಡೈಲಾಗ ಸಾಕ.”

ಇತ್ತ ಅಣ್ಣಾಸಾಬ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕರಕಿಯ ಮೇಲೆ ಹೆಜ್ಜೆ ಇಟ್ಟ. ಕಾಯಿ ಟಣ್ಣನೆ ಎದ್ದು ನಿಂತಿತು.

“ಅಣ್ಣಾಸಾಬ ಕಾಕಾ, ಹೆಬ್ಬಟ್ಟ ಎತ್ತಾಕತ್ತೈತಿ ನಿಮ್ದು,” ಎಂದಳು ಮನಿಷಾ.

“ಚಿರತಿ ಕಂಡ ಕಣ್ಣಿಗೆ ಹೆಬ್ಬಟ್ಟೂ ಕಾಣತೈತಿ,” ಎಂದ ಅವನು, ಕಣ್ಣು ತೆರೆಯದೆಯೇ. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಮನಿಷಾಳಿಗೆ ತಡೆಯಲಿಲ್ಲ. ಅಜ್ಜಿಯ ಕುಡಗೋಲು ಕಸಿದುಕೊಂಡು ಕರಕಿಯ ಬೇರು ಕತ್ತರಿಸಿ ಮೊಣಕೈಯಷ್ಟು ಅಗೆದಳು. ಹೊರಗಿನ ಗರಸಿಗೆ ಗುದ್ದಲಿ ಹೊಡೆದರೆ ಕಿಡಿ ಹಾರುತ್ತದೆ; ಇಲ್ಲಿ ಕುಡಗೋಲು ಬೆಣ್ಣೆಗೆ ಇಳಿದಂತೆ ಇಳಿಯಿತು. ಕಪ್ಪು ಮಣ್ಣು, ಹಿಟ್ಟಿನಂಥದ್ದು. ಬೊಗಸೆ ತುಂಬ ಎತ್ತಿ ಮುರಗೆಪ್ಪನ ಮೂಗಿನ ಮುಂದೆ ಹಿಡಿದಳು. “ಮೂಸ್ರಿ. ಹಟ್ಟಿ ವಾಸನಿ. ಇದ ನಮ್ಮ ಸಾಕ್ಷಿ, ಮೈ ಲಾರ್ಡ್!”

ಮುರಗೆಪ್ಪ ಮೂಸಲಿಲ್ಲ. ಹಿಚುಕಿದ. ಮಣ್ಣು ಅವನ ಮುಷ್ಟಿಯಲ್ಲಿ ಉಂಡೆಯಾಗಿ ಕೂತಿತು.

“ಹಸಿ ಐತಿ,” ಎಂದ.

“ಹಿಕ್ಕಿ ಮಣ್ಣ ತ್ಯಾವ ಹಿಡಕೊಂತೈತ್ರಿ,” ಎಂದಳು ಹೊಳೆವ್ವ. “ಒಂದ ಮಳಿ ಬಂದ್ರೂ ಭಾಳ ದಿವಸ ತ್ಯಾವ ಇರತೈತಿ.”

“ಕೇಳಿದ್ಯಾ ಅಣ್ಣಾಸಾಬ! ಹೊಳೆವ್ವನ ಬಾಯಿಂದಾನ ಬಂತು. ತ್ಯಾವ ಐತಿ!”

“ಮಳಿ ತ್ಯಾವ್ರಿ ಕಾಕಾರ, ಮ್ಯಾಲಿಂದ! ತೆಳಗಿಂದಲ್ಲ!” ಎಂದು ಮನಿಷಾ ಕೂಗಿದಳು. ಅಷ್ಟರಲ್ಲಿ ಅವರಿಬ್ಬರೂ ಎಷ್ಟು ಇಂಚು ನೀರು ಬೀಳಬಹುದು ಎನ್ನುವ ಚರ್ಚೆಯಲ್ಲಿ ಕೆಳಗಿಳಿಯುತ್ತಿದ್ದರು. ಅವಳ ಸಾಕ್ಷಿ ಮುರಗೆಪ್ಪನ ಮುಷ್ಟಿಯಲ್ಲೇ ಹೋಯಿತು, ಮನೆಯವರಿಗೆ ತೋರಿಸಲಿಕ್ಕೆ.

ನಿಜಕ್ಕೆ ಮಾರ್ಕೆಟ್ಟಿಲ್ಲ ಎಂದಾದ ಮೇಲೆ ಮನಿಷಾ ತನಗೆ ಬರುವ ಕೆಲಸಕ್ಕೇ ಇಳಿದಳು.

ಬೋರ್ ಗಾಡಿ ಬರುವ ದಿನ ಬೆಳಕು ಹರಿಯುತ್ತಿದ್ದಂತೆ ಒಬ್ಬಳೇ ಮೇಲಿನ ಹೊಲಕ್ಕೆ ಹೋದಳು. ಹಳೆಯ ಹಟ್ಟಿಯ ಬೇಲಿಯಿಂದ ಉದ್ದನೆಯ ಗುಂಡುಕಲ್ಲೊಂದನ್ನು ಉರುಳಿಸಿ ತಂದು ಕರಕಿಯ ನಡುವೆ ನಿಲ್ಲಿಸಿದಳು. ಅರಿಶಿಣ ಬಳಿದಳು, ಕುಂಕುಮ ಇಟ್ಟಳು, ಮುಂದೆ ಎರಡು ಲಿಂಬೆಹಣ್ಣು, ತಲೆಯ ಮೇಲೆ ನಾಲ್ಕು ಹಸಿರು ಬಳೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ತನಗೇ ಕೈಮುಗಿಯಬೇಕು ಅನ್ನಿಸಿತು. ದೇವರ ಮೈಮೇಲೆ ಯಾವ ಗಂಡಸು ಬೋರ್ ಹೊಡೆಸುತ್ತಾನೆ? ಹೆದರಿ ವಾಪಸು ಹೋಗುತ್ತಾರೆ. ಸಿನಿಮಾದಲ್ಲಂತೂ ಯಾವಾಗಲೂ ಹಾಗೇ ಆಗಿದ್ದು.

ಮುರಗೆಪ್ಪ ಕಲ್ಲು ನೋಡಿದವನೇ ಚಪ್ಪಲಿ ಬಿಟ್ಟ. ಮನಿಷಾ ಜಾಲಿಯ ಮರೆಯಲ್ಲಿ ಮುಷ್ಟಿ ಬಿಗಿದು ‘ಹಿಟ್!’ ಎಂದುಕೊಂಡಳು. ಮುರಗೆಪ್ಪ ಉದ್ದಕ್ಕೆ ಅಡ್ಡ ಬಿದ್ದ.

“ಗಂಗವ್ವಾ! ನಮ್ಮವ್ವಾ! ತಾನಾಗೇ ಎದ್ದ ಬಂದಾಳೋ! ಶಿವರಾಜಾ, ಅಣ್ಣಾಸಾಬನ ಪಾಯಿಂಟ್ ಬ್ಯಾಡ. ಅವ್ವ ಎಲ್ಲಿ ಕುಂತಾಳೋ ಅಲ್ಲೇ, ಅಕಿ ಪಾದದ ಮಗ್ಗಲಕ್ಕ ಹೊಡಸೂದ! ನೀರ ಬೀಳಲಿ, ಯಡೂರ ವೀರಭದ್ರಗ ಬೆಳ್ಳಿ ಕಣ್ಣ ಮಾಡಸ್ತೇನಿ!”

ಮನಿಷಾ ಮುಳ್ಳಿನಲ್ಲಿ ಸೆರಗು ಹರಿದುಕೊಂಡೇ ಓಡಿ ಬಂದಳು. “ಕಾಕಾರ, ಅದ ನಾ ಇಟ್ಟದ್ದ್ರಿ! ಈಗ, ಮುಂಜಾನೆ! ಅರಿಶಿಣ ನೋಡ್ರಿ ನನ್ನ ಉಗರಾಗ! ಬಳಿ ನಮ್ಮ ಆಯಿದು!”

ಹೊಳೆವ್ವ ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದಿದ್ದಳು. ಕಲ್ಲಿನ ಸಮೀಪ ಬಗ್ಗಿ ನೋಡಿ, “ಹೌದಲ್ಲ ಬೇ, ನನ್ನ ಬಳಿನ. ಮನಿ ತುಂಬ ಹುಡುಕೇನಿ,” ಎಂದಳು.

ಮುರಗೆಪ್ಪ ಇಬ್ಬರನ್ನೂ ನೋಡಿದ. ಅವನ ಕಣ್ಣಲ್ಲಿ ನೀರು ನಿಂತಿತ್ತು. ಹೊಲದಲ್ಲಿದ್ದದ್ದು ಅಷ್ಟೇ ನೀರು. “ನಿನ್ನ ಕೈಲೆ ಇಡಿಸಿಕೊಂಡಾಳ, ಬಾಳಾ. ಊರಾಗ ಇಷ್ಟ ಮಂದಿ ಇದ್ರೂ ನಿನ್ನ ಕೈನ ಆರಿಸ್ಯಾಳ. ಪುಣ್ಯವಂತಿ.”

ಸುಳ್ಳು ಹೇಳಿದರೆ ದೇವರು, ನಿಜ ಹೇಳಿದರೆ ಪುಣ್ಯವಂತಿ. ಮನಿಷಾ ಎರಡೂ ಕೈಯಿಂದ ತನ್ನ ಕೂದಲು ಕಿತ್ತುಕೊಂಡಳು.

ಮರಡಿಯ ಕೆಳಗಿನಿಂದ ಬೋರ್ ಗಾಡಿಯ ಹಾರ್ನ್ ಕೇಳಿತು. ಅವಳು ಕುರಿಗಳನ್ನೆಲ್ಲ ಕರಕಿಗೆ ತುಂಬಿಸಿ, ನಡುವೆ ಕಂಬಳಿ ಹಾಸಿ ಕೂತು ಕೈ ಎತ್ತಿದಳು.

“ಈ ಕರಕಿ ಮ್ಯಾಲ ಗಾಲಿ ಹತ್ತಬೇಕಂದ್ರ, ಮೊದಲ ಈ ಮನಿಷಾನ ಮೈಮ್ಯಾಲ ಹತ್ತಬೇಕ! ಬಂದ್ರ ಎದುರಿಗೆ ಬರ್ರಿ, ಹಿಂದಿಂದ ಬರೋರಿಗೆ ನನ್ನ ಕುರಿನೂ ಹಾದಿ ಬಿಡಾಂಗಿಲ್ಲ!”

ಬೋರ್ ಗಾಡಿಯ ಹುಡುಗರು ಸಿಳ್ಳೆ ಹೊಡೆದರು. ಶಿವರಾಜ ಮೊಬೈಲ್ ತೆಗೆದು, “ಭಾರಿ, ಭಾರಿ! ಇನ್ನೊಂದ ಟೇಕ್. ಸ್ವಲ್ಪ ಬಿಸಲ ಕಡೆ ಮಾರಿ ಮಾಡ,” ಎಂದ.

“ಲೇ ಶಿವ್ಯಾ, ಇದ ರೀಲ್ ಅಲ್ಲೋ! ಖರೇನ ಹೇಳಾಕತ್ತೇನಿ!”

“ಹೂಂ, ಹಂಗ ಅನ್ನ, ಅಳೂ ಎಕ್ಸ್‌ಪ್ರೆಶನ್ ಮಸ್ತ್ ಬಂದೈತಿ.”

ಗಾಡಿ ಇನ್ನೊಮ್ಮೆ ಹಾರ್ನ್ ಬಾರಿಸಿತು. ಎಲ್ಲರಿಗಿಂತ ಮೊದಲು ಓಡಿದ್ದು ವಿಲನ್. ಅದರ ಹಿಂದೆ ಹಿಂಡೆಲ್ಲ. ಇಂಟರ್ವಲ್ ಮಾತ್ರ ಎಂದಿನಂತೆ ಅರ್ಧಕ್ಕೇ ಕೂತಿತ್ತು. ಮನಿಷಾ ಅದನ್ನು ಎದೆಗೆ ಅವಚಿಕೊಂಡು ಎದ್ದು ಹೋಗಬೇಕಾಯಿತು. ಜನ ಚಪ್ಪಾಳೆ ತಟ್ಟಿದರು.

ಅವತ್ತು ಬೋರಿನ ಸದ್ದಿಗೆ ಮರಡಿ ಸಂಜೆಯವರೆಗೂ ಒದರಿತು. ನೀರು ಬೀಳಲಿಲ್ಲ. ಬಿದ್ದದ್ದು ಹಿಟ್ಟು. ಬೂದು ಬಣ್ಣದ, ನುಣ್ಣನೆಯ ಕಲ್ಲಿನ ಹಿಟ್ಟು ಬುಸ್ಸೆಂದು ಮೇಲೆದ್ದು ಕರಕಿಯ ಮೇಲೆ, ಗಂಗವ್ವನ ಮೇಲೆ, ಅಡ್ಡ ಬಿದ್ದಿದ್ದ ಮುರಗೆಪ್ಪನ ಮೇಲೆ ಬಿತ್ತು. ಗಾಡಿಯವರ ಪೈಪು ಮುಗಿದವು. ಅವರು ಕೊಳವೆಗಳನ್ನು ಕಟ್ಟಿಕೊಂಡು ಹೋದಾಗ ಹೊಲದ ನಡುವೆ ಹಸಿರು ತಾಟಿನ ಬದಲು ಬೂದು ತಾಟಿತ್ತು. ಹೀರೋಯಿನ್ ಹೋಗಿ ಮೂಗು ಒಡ್ಡಿತು. ಸೀನಿತು. ತಿರುಗಿ ಮನಿಷಾಳನ್ನು ನೋಡಿತು.

ಮನಿಷಾ ಸೆರಗಿನಿಂದ ಅದರ ಮೂಗಿನ ಹಿಟ್ಟು ಒರೆಸಿದಳು.

ಹಾಲಸಿದ್ದ ಕುಂಟುತ್ತ ಮರಡಿ ಹತ್ತಿ ಬಂದು ನೋಡಿದ. “ಬರೂ ಸಂತಿಗೆ,” ಎಂದ, ಅಷ್ಟೇ.

ಮರುದಿನ ಬೆಳಿಗ್ಗೆ ಮುರಗೆಪ್ಪ ಕಲ್ಲಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅಣ್ಣಾಸಾಬ ಊರಲ್ಲೇ ಇರಲಿಲ್ಲ. ಮನಿಷಾ ಎದುರಿಗೆ ಬಂದು ಕೂತಳು. ಈ ಸಲ ಕೈ ಎತ್ತಲಿಲ್ಲ, ದನಿ ಏರಿಸಲಿಲ್ಲ. ಹಟ್ಟಿಯಲ್ಲಿ ಅಜ್ಜಿ ಮಲಗಿದ್ದು, ನೇಗಿಲು ಇಳುಕಲು ಹಿಡಿದು ಹೋದದ್ದು, ಮಣ್ಣು ಹಳ್ಳಕ್ಕಿಳಿದದ್ದು, ಹಿಕ್ಕಿ ಉಳಿದದ್ದು, ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಮತ್ತೊಮ್ಮೆ ಹೇಳಿದಳು.

“ಈ ಹೊಲಾ ಹಸರ ಆಗಬೇಕಂದ್ರ ನೀರಲ್ರಿ ಬೇಕಾಗಿದ್ದು, ಕುರಿ. ಇಲ್ಲಿ ತರಬಾಕ ಬಿಡ್ರಿ. ಸಾವಕಾಶ ಆಗತೈತಿ. ಆದ್ರ ಆಗತೈತಿ.”

ಮುರಗೆಪ್ಪ ಅವಳನ್ನು ಕರುಣೆಯಿಂದ ನೋಡಿದ. “ಮುಗೀತೇನ ಚಿರತಿ? ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ, ನಿನಗ ಚ್ಯಾಷ್ಟಿ. ಗಂಗವ್ವ ಯಾಕ ಮುನಿಸಿಕೊಂಡಾಳ, ಅದನ್ನ ಹೇಳ ನನಗ. ನಿನ್ನ ಕೈಲೆ ಕುಂತಾಳ ಅಕಿ.”

ಮನಿಷಾ ಹಲ್ಲು ಕಡಿದಳು. ದೂರದಲ್ಲಿ ಹೀರೋಯಿನ್ ಜಾಲಿಯ ಒಣ ಕಾಯಿ ಮೂಸಿ ಬಿಟ್ಟು ಬರುತ್ತಿತ್ತು, ಹಿಂದೆ ಮರಿ ಮೊಲೆ ಗುದ್ದಿ ಗುದ್ದಿ ಏನೂ ಸಿಗದೆ ಅರಚುತ್ತಿತ್ತು.

ಅವಳು ಕಣ್ಣು ಮುಚ್ಚಿ, ಕೂದಲು ಬಿಚ್ಚಿ, ಹೊಟ್ಟೆಯಿಂದ ದನಿ ತೆಗೆದಳು.

“ಕನಸಿನ್ಯಾಗ ಬಂದಿದ್ಲು ಕಾಕಾರ. ಹಸರ ಸೀರಿ. ಮೈತುಂಬ ಹಿಟ್ಟ. ನನ್ನ ಮಕ್ಕಳನ್ನ ಎಬ್ಬಿಸಿ ಓಡಿಸಿದಿರಿ, ನಾ ಹೆಂಗ ಬರಲಿ ಅಂತ ಅತ್ಲು.”

ಮುರಗೆಪ್ಪ ಅಲ್ಲೇ ಮೊಣಕಾಲೂರಿದ. “ಯಾವ ಮಕ್ಕಳ?”

“ಕುರಿ.”

“ಅಯ್ಯಯ್ಯೋ! ಹಾರ್ನ್ ಬಾರಿಸಿ ಓಡಿಸಿದ್ವಲ್ಲೋ! ಮತ್ತ ಏನ ಮಾಡಬೇಕಂತ?”

“ಮಳಿ ಬರೂತನಾ ದಿವಸಾ ಸಂಜಿಕೆ ಕುರಿ ಅಕಿ ಸುತ್ತ ಮಲಗಬೇಕಂತ. ನೇಗಿಲಾ, ಗಾಲಿ, ಯಾವ್ದೂ ಹೊಲದಾಗ ಬರಬಾರ್ದಂತ. ಮತ್ತ...” ಮನಿಷಾ ಒಂದು ಕಣ್ಣು ಅರ್ಧ ತೆರೆದು ನೋಡಿದಳು, ಮುರಗೆಪ್ಪ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. “ನಿಮ್ಮ ದ್ರಾಕ್ಷಿ ಬಳ್ಳಿ ಕತ್ತರಸೂ ಚಾಟ್ನಿ ನಡದೈತೆಲ್ಲ, ಕಡದ ಎಲಿ ಎಲ್ಲಾ ಇಲ್ಲಿಗೆ ಬರಬೇಕಂತ. ಔಷಧ ಹೊಡೀಲಾರದ್ದ. ಅಕಿಗೆ ಔಷಧದ ವಾಸನಿ ಆಗಿ ಬರಾಂಗಿಲ್ಲಂತ.”

“ಇವತ್ತ ಕಳಸ್ತೇನಿ! ಟ್ರಾಕ್ಟರ್ ತುಂಬ ಕಳಸ್ತೇನಿ! ಗಾಲಿ ಬರಬಾರ್ದಲ್ಲ, ಬಾಂದಿಗೆ ನಿಲ್ಲಿಸಿ ತಲಿ ಮ್ಯಾಲ ಹೊರಸ್ತೇನಿ!” ಮುರಗೆಪ್ಪ ಎದ್ದು, ಅವಳ ಕಾಲು ಮುಟ್ಟಲು ಬಂದ. ಮನಿಷಾ ಹಾರಿ ಹಿಂದೆ ಸರಿದಳು. ಅರ್ಧ 'ಚಿರತಿ' ಕೂಡ ಅನ್ನಲಿಲ್ಲ ಪುಣ್ಯಾತ್ಮ. ನಿಜದ ಮಾತಿಗೂ ಸುಳ್ಳು ಕನಸಿಗೂ ಕುರಿಯೇ ಔಷಧ, ತರಬುವುದೇ ದಾರಿ. ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಕಾಲು ಮುಟ್ಟುವುದು. ಗೆದ್ದ ಮೇಲೂ ಇಷ್ಟು ಮೈಯುರಿಯಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಮರೆಗೆ ಹೋಗಿ ಜಾಲಿಯ ಬುಡಕ್ಕೆ ನಾಲ್ಕು ಒದ್ದಳು. ಮುಳ್ಳು ಚುಚ್ಚಿತು, ಅದಕ್ಕೂ ಬೈದಳು.

ಕುರಿಗಳು ಸಂತೆಗೆ ಹೋಗಲಿಲ್ಲ. ದ್ರಾಕ್ಷಿ ಎಲೆ ತಿಂದವು, ಗಂಗವ್ವನ ಸುತ್ತ ಮಲಗಿದವು, ಬೂದು ಹಿಟ್ಟಿನ ಮೇಲೆ ಹಿಕ್ಕಿ ಹಾಕಿ ಕಾಲಿನಿಂದ ತುಳಿದು ಕಲಸಿದವು. ಹಾಲಸಿದ್ದ “ಮಳಿತನಾ ನೋಡೂಣು” ಎಂದ. ಹೊಳೆವ್ವ ಬಳೆ ವಾಪಸು ಕೇಳಿದಳು, ಯಾರೂ ಕೊಡಲಿಲ್ಲ. ಅಷ್ಟರಲ್ಲಿ ಐನಾಪುರದ ಹೆಂಗಸರು ಬಂದು ಕಲ್ಲಿಗೆ ಇನ್ನೂ ಎರಡು ಡಜನ್ ಏರಿಸಿದ್ದರು.

ಜೂನ್ ಬಂತು, ಮಿರ್ಗದ ಮಳೆ ಬಿತ್ತು. ಆಚೆಯ ಗರಸಿನ ಮೇಲೆ ಬಿದ್ದ ನೀರು ಮುತ್ತ್ಯಾನ ಕಾಲದಲ್ಲಿ ಕಲಿತ ದಾರಿ ಹಿಡಿದು ನೆಟ್ಟಗೆ ಹಳ್ಳಕ್ಕೆ ಓಡಿತು. ಹಟ್ಟಿಯಲ್ಲಿ ಬಿದ್ದದ್ದು ಅಲ್ಲೇ ಇಂಗಿತು. ಹಿಟ್ಟು ಒಡೆದು ಸಂದಿನಿಂದ ಕರಕಿಯ ಮೊಳಕೆ ಇಣುಕಿತು. ಕುರಿಗಳು ಹೊಸದಾಗಿ ಮಲಗಿದ್ದ ಅಂಚಿನಲ್ಲೂ ಎಳೆ ಹಸಿರು ಚಿಗುರಿತು. ತಾಟು ಅಗಲವಾಗಿ ಪರಾತವಾಗಿತ್ತು. ಮನಿಷಾ ಅಂಗಾಲಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಅಷ್ಟರಲ್ಲಿ ಮುರಗೆಪ್ಪ ಬಂದ. ಕಲ್ಲಿನ ಸುತ್ತ ಒಂದು ಸುತ್ತು ಹಾಕಿದ. ಅವನ ಮುಖ ಅರಳುತ್ತ ಹೋಯಿತು.

“ಹಿಗ್ಗ್ಯಾಳ!” ಎಂದ ಮುರಗೆಪ್ಪ. “ಗಂಗವ್ವ ಹಿಗ್ಗ್ಯಾಳ! ನೋಡ ಇಲ್ಲಿ, ಮೊದಲ ಇಲ್ಲೀತನಾ ಇದ್ಲು, ಈಗ ಅಲ್ಲೀತನಾ ಬಂದಾಳ! ನೀರ ಮ್ಯಾಲ ಬಂದೈತಿ!”

“ಕಾಕಾರ, ಅದ ಕುರಿ ಮಲಗಿದ ಜಾಗಾರಿ! ಎಲ್ಲಿ ಮಲಗ್ಯಾವೋ ಅಲ್ಲಿಷ್ಟ ಹಸರ ಐತಿ, ಅಳತಿ ಮಾಡಿ ನೋಡ್ರಿ! ನಿಮ್ಮ ಕಣ್ಣ ಮುಂದನ ಆಗೇತೆಲ್ರೀ!”

“ಅಕಿ ಮಕ್ಕಳ ಮಲಗಿದಲ್ಲಿ ಅಕಿ ಬರ್ತಾಳ, ಸರಿನ ಐತಿ. ನೀನ ಹೇಳಿದ್ಯಲ್ಲ.” ಅವನು ಜೇಬಿನಿಂದ ಫೋನು ತೆಗೆದು ಚಾಚಿದ. “ಕನ್ನಡಕ ಮರ್ತ ಬಂದೇನಿ. ಬೋರ್ ಗಾಡಿ ನಿಲೇಶನ ನಂಬರ್ ಹುಡುಕಿ ಹಚ್ಚ ಬಾಳಾ. ಈ ಸಲ ಈ ಅಂಚಿಗೆ ಹೊಡಸೂಣು.”

ಮನಿಷಾ ಫೋನು ತೆಗೆದುಕೊಂಡಳು. ಹೀರೋಯಿನ್ ತಲೆ ತಗ್ಗಿಸಿ ಎಳೆ ಕರಕಿ ಕೊಯ್ಯುತ್ತಿತ್ತು, ಹೊಟ್ಟೆಯ ಕೆಳಗೆ ಇಂಟರ್ವಲ್ ಬಾಲ ಅಲ್ಲಾಡಿಸುತ್ತಿತ್ತು. ನಿಲೇಶನ ಹೆಸರು ಪರದೆಯ ಮೇಲೆಯೇ ಇತ್ತು. ಅದನ್ನು ಬಿಟ್ಟು ತನ್ನ ನಂಬರ್ ಒತ್ತಿ ಫೋನು ವಾಪಸು ಕೊಟ್ಟಳು.

“ಹಚ್ಚೇನಿ ನೋಡ್ರಿ. ಹಲೋ, ವಿಲನ್ ಎಲ್ಲಿ ಹೋತ? ಹೇ, ಬಾ ಇಲ್ಲಿ!” ಎನ್ನುತ್ತ ಓಡಿ, ಹಟ್ಟಿಯ ಹಳೆಯ ಬೇಲಿಯ ಆಚೆ ಕುಕ್ಕರಗಾಲಲ್ಲಿ ಕೂತಳು. ಸೊಂಟದಲ್ಲಿ ಸಿಗಿಸಿದ್ದ ಫೋನು ಗುರ್ ಗುರ್ ಎಂದು ನಡುಗುತ್ತಿತ್ತು. ಎತ್ತಿ, ಮೂಗು ಸ್ವಲ್ಪ ಹಿಡಿದು, ನಗರದ ನುಣುಪು ದನಿಯಲ್ಲಿ ಹೇಳಿದಳು:

“ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.”

ಬೇಲಿಯ ಈಚೆ ಮುರಗೆಪ್ಪ ಫೋನನ್ನು ಕಿವಿಯಿಂದ ತೆಗೆದು ದಿಟ್ಟಿಸಿ ನೋಡಿದ. “ಏ ಇಕಿನ! ಹಾಲಸಿದ್ದನ ಬಿಟ್ಟ ಈಗ ನಿಲೇಶಗ ಗಂಟ ಬಿದ್ದಾಳಲ್ಲೋ ಇಕಿ!”

“ನಾಳೆ ನೋಡೂಣ್ರಿ ಕಾಕಾರ,” ಎಂದು ಬೇಲಿಯ ಆಚೆಯಿಂದ ಮನಿಷಾ ತನ್ನ ದನಿಯಲ್ಲಿ ಕೂಗಿದಳು.

“ನಾಳೆ ಯಾಕ, ಈಗ ಇನ್ನೊಂದ ಸಲ ಹಚ್ಚತೇನಿ. ಹಸರ ಗುಂಡಿ ಒತ್ತಿದ್ರಾತಲ್ಲ?”

ಕುರಿಗಳು ಹುಲ್ಲು ಹರಿಯುವ ಸದ್ದು ಬೇಲಿಯವರೆಗೂ ಕೇಳುತ್ತಿತ್ತು. ಮನಿಷಾ ಬೇಲಿಯ ಕಲ್ಲಿಗೆ ಹಣೆ ಒತ್ತಿ ಕೂತಳು. ಕೈಯಲ್ಲಿದ್ದ ಫೋನು ಮತ್ತೆ ಗುರ್ ಎಂದಿತು. ಅವಳು ಉಸಿರೆಳೆದುಕೊಂಡು ಮೂಗು ಹಿಡಿದಳು.